ಗಾಜು, ಗೋಡೆ, ನೀರು, ಕರೆಂಟು: ಬಾಂಬ್ ಬೀಳುವ ಊರಿನಲ್ಲಿ ಜನ ಹೇಗೆ ಉಳಿಯುತ್ತಾರೆ?

2025ರ ಮೇ 7ರಂದು ದೇಶದ ಹಲವು ನಗರಗಳಲ್ಲಿ ನಾಗರಿಕ ರಕ್ಷಣೆಯ ಅಣಕು ಕಾರ್ಯಾಚರಣೆ ನಡೆಯಿತು. ಬೆಂಗಳೂರಿನಲ್ಲೂ ಸೈರನ್ ಕೂಗಿತು. ಅದೇ ವಾರ ಪಾಕಿಸ್ತಾನದ ಜತೆಗಿನ ಸಂಘರ್ಷದಲ್ಲಿ ಜಮ್ಮು, ಅಮೃತಸರ, ಚಂಡೀಗಢಗಳಲ್ಲಿ ದೀಪ ಆರಿಸಿದ್ದು ಮಾತ್ರ ಅಣಕಾಗಿರಲಿಲ್ಲ. ಪೂಂಛ್ ಪಟ್ಟಣದ ಮನೆಗಳ ಮೇಲೆ ಶೆಲ್ ಬಿದ್ದು ಜನ ಸತ್ತರು. ಹಾಸನ, ಚಿಕ್ಕಮಗಳೂರಿನವರು ಇದನ್ನೆಲ್ಲ ಟಿವಿಯಲ್ಲಿ ನೋಡಿದರು. ಗಡಿ ನಮಗೆ ಬಹಳ ದೂರ ಎಂಬ ಭಾವನೆ ಸಹಜ. ಆದರೆ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ದಾಳಿಗೆ ಬಲಿಯಾದ ವೈದ್ಯಕೀಯ ವಿದ್ಯಾರ್ಥಿ ನಮ್ಮ ಹಾವೇರಿ ಜಿಲ್ಲೆಯವರು. ದಿನಸಿ ತರಲೆಂದು ನೆಲಮಾಳಿಗೆಯ ಆಶ್ರಯದಿಂದ ಹೊರಬಂದಿದ್ದಾಗ ಅವರ ಜೀವ ಹೋಯಿತು.

ಆ ಸಾವಿನ ಸಂದರ್ಭವನ್ನು ಗಮನಿಸಬೇಕು. ಬಾಂಬ್ ನೇರವಾಗಿ ತಲೆಯ ಮೇಲೆ ಬಿದ್ದರೆ ಸಾಮಾನ್ಯ ಮನೆಯಲ್ಲಿ ಯಾವ ಉಪಾಯವೂ ನಡೆಯದು. ಆದರೆ ಒಂದು ಬಾಂಬ್ ಬಿದ್ದ ಜಾಗದಲ್ಲಿರುವವರಿಗಿಂತ ಅದರ ಸುತ್ತ ಅರ್ಧ ಕಿಲೋಮೀಟರ್ ಫಾಸಲೆಯಲ್ಲಿರುವವರ ಸಂಖ್ಯೆ ಯಾವಾಗಲೂ ದೊಡ್ಡದು. ಅವರಿಗೆ ಪೆಟ್ಟಾಗುವುದು ಒಡೆದ ಗಾಜಿನಿಂದ, ಕುಸಿದ ಇಟ್ಟಿಗೆ ಗೋಡೆಯಿಂದ, ಆಶ್ರಯದ ಮೆಟ್ಟಿಲ ನೂಕುನುಗ್ಗಲಿನಿಂದ, ಜನರೇಟರ್ ಹೊಗೆಯಿಂದ, ಕೆಟ್ಟ ನೀರಿನಿಂದ. ಇವುಗಳಲ್ಲಿ ಹೆಚ್ಚಿನವನ್ನು ಮನೆಯವರೇ, ಬೀದಿಯವರೇ, ನಗರಸಭೆಯೇ ತಡೆಯಬಹುದು. ಸೈನ್ಯ ಬೇಕಿಲ್ಲ, ದೊಡ್ಡ ಖರ್ಚೂ ಇಲ್ಲ.

ಮೊದಲು ಒಡೆಯುವುದು ಗಾಜು

ಸ್ಫೋಟದ ಗಾಳಿಯ ಒತ್ತಡವನ್ನು ಚದರ ಇಂಚಿಗೆ ಇಷ್ಟು ಪೌಂಡ್ ಎಂದು ಅಳೆಯುತ್ತಾರೆ. ಕಾರಿನ ಚಕ್ರಕ್ಕೆ 30 ಪೌಂಡ್ ಗಾಳಿ ಹಾಕಿ ಎನ್ನುತ್ತೇವಲ್ಲ, ಅದೇ ಅಳತೆ. ಒಂದು ಪೌಂಡಿನಷ್ಟು ಒತ್ತಡಕ್ಕೇ ಕಿಟಕಿಯ ಗಾಜು ಪುಡಿಯಾಗುತ್ತದೆ. ಎರಡು, ಮೂರು ಪೌಂಡಿಗೆ ಕಬ್ಬಿಣ ಕಟ್ಟದ ಬ್ಲಾಕ್ ಗೋಡೆ ಬೀಳಬಹುದು. ಐದರ ಸುಮಾರಿಗೆ ಕಿವಿಯ ತಮಟೆ ಹರಿಯುತ್ತದೆ. ಶ್ವಾಸಕೋಶಕ್ಕೆ ಗಾಯವಾಗಲು ಹದಿನೈದರ ಆಸುಪಾಸು ಬೇಕು. ಎಂದರೆ ಮನುಷ್ಯನ ದೇಹ ಗಾಳಿಯ ಹೊಡೆತವನ್ನು ತಕ್ಕಮಟ್ಟಿಗೆ ತಡೆಯುತ್ತದೆ. ಅವನ ಸುತ್ತಲಿನ ಮನೆಗೆ ಅಷ್ಟು ತಾಳಿಕೆ ಇಲ್ಲ.

ಬೆಳಕು ಮೊದಲು ಬರುತ್ತದೆ, ಗಾಳಿಯ ಹೊಡೆತ ಆಮೇಲೆ. ದೂರದ ಸ್ಫೋಟದ ಹೊಡೆತ ಹೆಚ್ಚುಕಡಿಮೆ ಶಬ್ದದ ವೇಗದಲ್ಲಿ, ಕಿಲೋಮೀಟರಿಗೆ ಸುಮಾರು ಮೂರು ಸೆಕೆಂಡಿನಂತೆ ಬರುತ್ತದೆ. ಈ ನಡುವಿನ ಹೊತ್ತಿನಲ್ಲಿ ಜನ ಏನಾಯಿತೆಂದು ನೋಡಲು ಕಿಟಕಿಗೆ ಓಡುತ್ತಾರೆ. 1917ರ ಡಿಸೆಂಬರ್ 6ರಂದು ಕೆನಡಾದ ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಮದ್ದುಗುಂಡಿನ ಹಡಗು ಉರಿಯುತ್ತಿದ್ದುದನ್ನು ಕಿಟಕಿಯಿಂದ ನೋಡುತ್ತಿದ್ದ ಸಾವಿರಾರು ಜನರ ಕಣ್ಣಿಗೆ ಗಾಯವಾಯಿತು. 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಉಲ್ಕೆ ಸಿಡಿದಾಗ ಬೆಳಕಿಗೂ ಹೊಡೆತಕ್ಕೂ ನಡುವೆ ಎರಡು ನಿಮಿಷಕ್ಕೂ ಹೆಚ್ಚು ಸಮಯವಿತ್ತು. ಆದರೂ ಸುಮಾರು 1,500 ಜನ ಗಾಯಗೊಂಡರು, ಹೆಚ್ಚಿನವರು ಗಾಜಿನಿಂದ. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನ ಬೆಂಕಿಯನ್ನು ಬಾಲ್ಕನಿಯಲ್ಲಿ ನಿಂತು ಮೊಬೈಲಿನಲ್ಲಿ ಚಿತ್ರಿಸುತ್ತಿದ್ದವರಿಗೂ ಇದೇ ಆಯಿತು. ಮಕ್ಕಳಿಗೆ ಒಂದೇ ಒಂದು ಮಾತು ಕಲಿಸಬೇಕಾದರೆ ಇದನ್ನು ಕಲಿಸಿ: ದೊಡ್ಡ ಬೆಳಕು ಕಂಡರೆ ಕಿಟಕಿಯ ಕಡೆ ಹೋಗಬೇಡ, ಅಲ್ಲೇ ನೆಲಕ್ಕೆ ಬಿದ್ದು ತಲೆ ಮುಚ್ಚಿಕೋ.

ಗಾಜಿಗೆ ಟೇಪ್ ಅಡ್ಡಡ್ಡ ಅಂಟಿಸಿದರೆ ಒಡೆಯುವುದಿಲ್ಲ ಎಂಬ ನಂಬಿಕೆ ತಪ್ಪು. ಒಡೆದೇ ಒಡೆಯುತ್ತದೆ. ಟೇಪು ಚೂರುಗಳನ್ನು ಸ್ವಲ್ಪ ಹಿಡಿದಿಡಬಹುದು, ಕೆಲವೊಮ್ಮೆ ದೊಡ್ಡ ಹೋಳಾಗಿಯೇ ಹಾರುವಂತೆ ಮಾಡಿ ಕೆಡುಕೂ ಮಾಡಬಹುದು. ಇಡೀ ಗಾಜಿಗೆ ಒಳಗಿನಿಂದ ದಪ್ಪ ಸುರಕ್ಷಾ ಫಿಲ್ಮ್ ಅಂಟಿಸುವುದು ಅದಕ್ಕಿಂತ ಎಷ್ಟೋ ಮೇಲು. ದಪ್ಪ ಪರದೆಯನ್ನು ಕಿಟಕಿಗಿಂತ ಎರಡಡಿ ಉದ್ದ ಬಿಟ್ಟು ಎಳೆದಿಟ್ಟರೂ ಚೂರು ಅಲ್ಲೇ ಬೀಳುತ್ತದೆ. ದುಡ್ಡೇ ಬೇಡದ ಉಪಾಯವೆಂದರೆ ಮಂಚ, ತೊಟ್ಟಿಲು, ಓದುವ ಮೇಜನ್ನು ಕಿಟಕಿಯ ಬುಡದಿಂದ ಸರಿಸುವುದು. ಖಾರ್ಕಿವ್‌ನಲ್ಲಿ ಒಡೆದ ಗಾಜಿನ ಜಾಗಕ್ಕೆ ಪ್ಲೈವುಡ್ ಹಲಗೆ ಹೊಡೆದು ಜನ ವರ್ಷಗಟ್ಟಲೆ ಬದುಕುತ್ತಿದ್ದಾರೆ. ಹೊಸ ಗಾಜು ಹಾಕಿಸಿದರೆ ಅದೂ ಒಡೆಯುತ್ತದೆಂದು ಅವರಿಗೆ ಗೊತ್ತು.

ಎರಡು ಗೋಡೆಯ ಲೆಕ್ಕ

ಉಕ್ರೇನಿನಲ್ಲಿ ಪ್ರತಿ ಮನೆಯೂ ಕಲಿತ ನಿಯಮ: ನಿಮಗೂ ಹೊರಗಿಗೂ ನಡುವೆ ಎರಡು ಗೋಡೆ ಇರಲಿ. ಮೊದಲ ಗೋಡೆ ಹೊಡೆತ ತಿನ್ನುತ್ತದೆ, ಅದರಿಂದ ಸಿಡಿದ ಚೂರನ್ನು ಎರಡನೆಯದು ತಡೆಯುತ್ತದೆ. ಹಾಸನದ 30–40 ಸೈಟಿನ ಮೋಲ್ಡಿನ ಮನೆಯಲ್ಲಿ ಇಂಥ ಜಾಗ ಯಾವುದು? ಎದುರಿನ ಹಾಲ್ ಅಲ್ಲ, ಅಲ್ಲಿ ದೊಡ್ಡ ಗಾಜಿನ ಕಿಟಕಿ ಇರುತ್ತದೆ. ಅಡುಗೆಮನೆಯಲ್ಲಿ ಸಿಲಿಂಡರ್. ಬಚ್ಚಲುಮನೆ ಚಿಕ್ಕದಾದರೂ ಟೈಲ್ಸ್, ಕನ್ನಡಿ, ವೆಂಟಿಲೇಟರಿನ ಗಾಜು ಸಿಡಿಯುತ್ತವೆ. ಸಾಮಾನ್ಯವಾಗಿ ಉಳಿಯುವುದು ರೂಮುಗಳ ನಡುವಿನ ಪ್ಯಾಸೇಜ್ ಅಥವಾ ಮನೆಯ ಮಧ್ಯದ ದೇವರ ಕೋಣೆ. ಆದರೆ ಒಂದು ಎಚ್ಚರ. ಒಳಗೋಡೆಗಳನ್ನು ನಾವು ನಾಲ್ಕಿಂಚಿನ ಬ್ಲಾಕಿನಲ್ಲಿ ಕಟ್ಟುತ್ತೇವೆ, ಅವು ಹೊರಗಿನ ಆರು, ಎಂಟು ಇಂಚಿನ ಗೋಡೆಯಷ್ಟು ಗಟ್ಟಿಯಲ್ಲ. ಆದ್ದರಿಂದ ಪಿಲ್ಲರ್ ಇರುವ ಮೂಲೆಗೆ ಒತ್ತಿ ಕೂರುವುದು ಮೇಲು. ಪ್ಯಾಸೇಜಿನ ಮೇಲಿನ ಸಜ್ಜಾದಲ್ಲಿ ತುಂಬಿಟ್ಟ ತಾಮ್ರದ ಹಂಡೆ, ಹಳೇ ಮಿಕ್ಸಿ, ಟ್ರಂಕುಗಳನ್ನು ಮೊದಲೇ ಇಳಿಸಬೇಕು. ಬಾಂಬ್ ತಪ್ಪಿದರೂ ಹಂಡೆ ತಪ್ಪುವುದಿಲ್ಲ.

ಕೆಳಗೆ ಬರೀ ಪಿಲ್ಲರ್ ನಿಲ್ಲಿಸಿ ಪಾರ್ಕಿಂಗ್ ಬಿಟ್ಟ ಅಪಾರ್ಟ್‌ಮೆಂಟಿನ ತಳ ಆಶ್ರಯವಲ್ಲ. 2001ರ ಭುಜ್ ಭೂಕಂಪದಲ್ಲಿ ಹೀಗೆ ಕಟ್ಟಿದ ಕಟ್ಟಡಗಳು ಮೊದಲ ಅಂತಸ್ತಿನಲ್ಲೇ ಕುಸಿದವು. ಅಲ್ಲಿ ಗೋಡೆಯೇ ಇಲ್ಲದ್ದರಿಂದ ಚೂರಿನಿಂದಲೂ ರಕ್ಷಣೆ ಇಲ್ಲ.

ಮಲೆನಾಡಿನ ಹೆಂಚಿನ ಮನೆಯ ಲೆಕ್ಕ ಬೇರೆ. ಅದರ ಮಣ್ಣಿನ ಅಥವಾ ಕಲ್ಲಿನ ದಪ್ಪ ಗೋಡೆ ಚೂರುಗಳನ್ನು ಚೆನ್ನಾಗಿ ತಡೆಯುತ್ತದೆ, ಮಾಡು ಮಾತ್ರ ನಿಲ್ಲುವುದಿಲ್ಲ. ಹೆಂಚು, ರೀಪು, ಕೆಲವೊಮ್ಮೆ ತೊಲೆಯೂ ಬೀಳುತ್ತದೆ. ಗಟ್ಟಿ ಮರದ ಮಂಚದ ಕೆಳಗೆ, ದಪ್ಪ ಗೋಡೆಗೆ ಒತ್ತಿಕೊಂಡು ಮಲಗಬೇಕು. ತಲೆಗೆ ಬೈಕಿನ ಹೆಲ್ಮೆಟ್ ಹಾಕಿಕೊಳ್ಳಿ. ಎಲ್ಲರ ಮನೆಯಲ್ಲೂ ಇರುವ ಈ ವಸ್ತುವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಶೀಟಿನ ಮನೆ, ಲೈನ್ ಮನೆಗಳಲ್ಲಿರುವ ತೋಟದ ಕಾರ್ಮಿಕರಿಗೆ ದಪ್ಪ ಗೋಡೆಯೂ ಇಲ್ಲ, ಗಟ್ಟಿ ಮಂಚವೂ ಇಲ್ಲ. ಅವರಿಗೆ ಹತ್ತಿರದ ಗಟ್ಟಿ ಕಟ್ಟಡವನ್ನು ಮೊದಲೇ ಗುರುತಿಸಿ, ಅದರ ಬೀಗದ ಕೈ ಯಾರ ಬಳಿ ಇರುತ್ತದೆಂದು ತಿಳಿಸಬೇಕಾದ್ದು ತೋಟದ ಮಾಲೀಕರ ಹೊಣೆ. ಹಳೆಯ ನಾಗರಿಕ ರಕ್ಷಣಾ ಕೈಪಿಡಿಗಳು ಹೇಳುವ ಕಂದಕ ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆರೆಯಾಗಿರುತ್ತದೆ. ಸಕಲೇಶಪುರ, ಮೂಡಿಗೆರೆ, ಶೃಂಗೇರಿ ಕಡೆ ಮಳೆಗಾಲದಲ್ಲಿ ಅದನ್ನು ನಂಬಬಾರದು, ದರೆ ಕುಸಿಯುವ ಅಪಾಯವೂ ಇದೆ.

ಬಯಲಿನಲ್ಲಿ ಸಿಕ್ಕಿಬಿದ್ದರೆ ಓಡುವುದಕ್ಕಿಂತ ಮಲಗುವುದು ಒಳ್ಳೆಯದು. ಚೂರುಗಳು ನೆಲದಿಂದ ಮೇಲಕ್ಕೆ, ಹೊರಕ್ಕೆ ಹಾರುತ್ತವೆ. ಚರಂಡಿ, ಮೋರಿ, ತಗ್ಗು ಸಿಕ್ಕರೆ ಅದರಲ್ಲಿ ಬೋರಲು ಮಲಗಿ ಕೈಯಿಂದ ತಲೆ, ಕಿವಿ ಮುಚ್ಚಿ ಬಾಯಿ ಸ್ವಲ್ಪ ತೆರೆದಿರಬೇಕು.

ಸೈರನ್ ಮತ್ತು ಆನೆಯ ಮೆಸೇಜು

ನಮ್ಮ ದೇಶದ ಸೈರನ್ ಸಂಕೇತ ಎರಡೇ. ಏರಿಳಿಯುತ್ತ ಎರಡು ನಿಮಿಷ ಕೂಗಿದರೆ ದಾಳಿಯ ಎಚ್ಚರಿಕೆ. ಒಂದೇ ಸ್ವರದಲ್ಲಿ ಎರಡು ನಿಮಿಷ ಕೂಗಿದರೆ ಅಪಾಯ ಕಳೆಯಿತು ಎಂದರ್ಥ. ಎಚ್ಚರಿಕೆಗೂ ದಾಳಿಗೂ ನಡುವೆ ಎಷ್ಟು ಹೊತ್ತು ಸಿಗುತ್ತದೆ ಎಂಬುದು ಬರುತ್ತಿರುವುದು ಏನು, ಎಲ್ಲಿಂದ ಎಂಬುದನ್ನು ಅವಲಂಬಿಸಿದೆ. ಗಂಟೆಗೆ 200 ಕಿಲೋಮೀಟರ್ ಒಳಗೆ ಹಾರುವ ಶಾಹೆದ್ ಮಾದರಿಯ ಡ್ರೋನ್ ದೂರದಿಂದ ಬರುತ್ತಿದ್ದರೆ ಗಂಟೆಗಟ್ಟಲೆ ಸಮಯವಿರುತ್ತದೆ. ಕ್ಷಿಪಣಿಗೆ ಕೆಲವೇ ನಿಮಿಷ. ರಷ್ಯಾ ಗಡಿಯಿಂದ ಸುಮಾರು 30 ಕಿಲೋಮೀಟರ್ ದೂರದಲ್ಲಿರುವ ಖಾರ್ಕಿವ್‌ನಲ್ಲಿ ಎಷ್ಟೋ ಸಲ ಸ್ಫೋಟವಾದ ಮೇಲೆ ಸೈರನ್ ಕೂಗಿದೆ. ಹಾಗಾಗಿ ಅಲ್ಲಿ ಆಶ್ರಯಕ್ಕೆ ಓಡುವ ಬದಲು ಶಾಲೆಯನ್ನೇ ನೆಲದಡಿಗೆ ಒಯ್ದರು. 2023ರ ಸೆಪ್ಟೆಂಬರಿನಿಂದ ಮೆಟ್ರೊ ನಿಲ್ದಾಣಗಳಲ್ಲಿ ತರಗತಿ ನಡೆಯತೊಡಗಿತು, 2024ರಲ್ಲಿ ನೆಲದಡಿಯಲ್ಲೇ ಕಟ್ಟಿದ ಶಾಲೆ ತೆರೆಯಿತು.

ಎಚ್ಚರಿಕೆಯ ದೊಡ್ಡ ತೊಂದರೆ ಎಂದರೆ ಕ್ರಮೇಣ ಜನ ಅದನ್ನು ಕೇಳುವುದನ್ನೇ ಬಿಟ್ಟುಬಿಡುವುದು. ಇದು ಹಾಸನದವರಿಗೆ ಹೊಸತಲ್ಲ. ಸಕಲೇಶಪುರ, ಆಲೂರು ಭಾಗದಲ್ಲಿ ಕಾಡಾನೆ ಓಡಾಟದ ಬಗ್ಗೆ ಮೊಬೈಲಿಗೆ ಮೆಸೇಜು ಬರುತ್ತದೆ, ರಸ್ತೆ ಬದಿಯ ಬೋರ್ಡು ಹೊತ್ತಿಕೊಳ್ಳುತ್ತದೆ. ಇಂಥ ಎಸ್ಟೇಟಿನ ಇಂಥ ಬ್ಲಾಕಿನಲ್ಲಿ ಆನೆ ಇದೆ ಎಂದರೆ ಕೆಲಸದವರು ಆ ಕಡೆ ಹೋಗುವುದಿಲ್ಲ. ತಾಲ್ಲೂಕಿಗೆಲ್ಲ ಒಂದೇ ಎಚ್ಚರಿಕೆ ಕೊಟ್ಟರೆ ಯಾರೂ ಮನೆಯಲ್ಲಿ ಕೂರುವುದಿಲ್ಲ, ಕೂಲಿ ಹೋಗುತ್ತದೆ. ಉಕ್ರೇನಿನಲ್ಲೂ ಇಡೀ ಪ್ರಾಂತ್ಯಕ್ಕೆ ಒಟ್ಟಿಗೆ ಸೈರನ್ ಕೂಗಿಸಿದಾಗ ದಿನಕ್ಕೆ ಹಲವು ಸಲ ಕೂಗಿ ಜನ ಬೇಸತ್ತರು, ಆಮೇಲೆ ಹಲವೆಡೆ ಚಿಕ್ಕ ವಲಯಗಳಿಗೆ ಇಳಿಸಿದರು. 2023ರ ಅಕ್ಟೋಬರಿನಲ್ಲಿ ಕರ್ನಾಟಕದ ಫೋನುಗಳೆಲ್ಲ ಒಮ್ಮೆಲೇ ಜೋರಾಗಿ ಕಿರುಚಿ ಪರೀಕ್ಷಾ ಸಂದೇಶ ತೋರಿಸಿದ್ದು ನೆನಪಿರಬಹುದು. ಟವರ್ ಟವರಿಗೆ ಬೇರೆ ಸಂದೇಶ ಕಳಿಸಬಲ್ಲ ತಂತ್ರ ಅದು. ಅದನ್ನು ಜಿಲ್ಲೆಗೊಂದೇ ಮಾತು ಹೇಳಲು ಬಳಸಿದರೆ ವ್ಯರ್ಥ.

ದೀಪ ಆರಿಸುವ ಬಗ್ಗೆ ಒಂದು ಮಾತು. ಉಪಗ್ರಹದ ನೆರವಿನಿಂದ ಗುರಿ ಹುಡುಕುವ ಕ್ಷಿಪಣಿಗೆ ನಮ್ಮ ಬೀದಿದೀಪ ಬೇಕಿಲ್ಲ. ಕಣ್ಣಿನಿಂದಲೋ ಕ್ಯಾಮೆರಾದಿಂದಲೋ ನೋಡಿ ಹೊಡೆಯುವವರಿಗೆ ಮಾತ್ರ ಕತ್ತಲೆ ಅಡ್ಡಿ. ಆಡಳಿತ ಆದೇಶಿಸಿದರೆ ಆರಿಸಲೇಬೇಕು, ಆದರೆ ಅದರ ಬೆಲೆ ತಿಳಿದಿರಬೇಕು. 1939ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಕತ್ತಲೆಯಾದ ಮೊದಲ ತಿಂಗಳು ರಸ್ತೆ ಅಪಘಾತದ ಸಾವು ಹಿಂದಿನ ವರ್ಷದ ಅದೇ ತಿಂಗಳ ಸುಮಾರು ಎರಡರಷ್ಟಾಯಿತು, ಒಂದು ಬಾಂಬೂ ಬೀಳುವ ಮುಂಚೆ. ಆಮೇಲೆ ಅಲ್ಲಿ ಫುಟ್‌ಪಾತ್ ಅಂಚಿಗೆ, ಮರದ ಬುಡಕ್ಕೆ ಬಿಳಿ ಬಣ್ಣ ಹೊಡೆದರು. ಬಣ್ಣ ಕಾಣದ ಹಂಪ್, ರಸ್ತೆಯ ಮೇಲೆ ಮಲಗಿದ ದನ, ಟೈಲ್‌ಲೈಟ್ ಇಲ್ಲದ ಟ್ರ್ಯಾಕ್ಟರ್ ಇರುವ ನಮ್ಮ ಊರುಗಳಲ್ಲಿ ದೀಪ ಆರಿಸಿದ ರಾತ್ರಿ ವಾಹನ ಹೊರಗೆ ತೆಗೆಯದಿರುವುದೇ ಕ್ಷೇಮ.

ಆಶ್ರಯವೇ ಕೊಂದ ಸಂದರ್ಭಗಳು

1943ರ ಮಾರ್ಚ್ 3ರಂದು ಲಂಡನ್ನಿನ ಬೆಥ್ನಲ್ ಗ್ರೀನ್ ನೆಲದಡಿ ನಿಲ್ದಾಣದ ಮೆಟ್ಟಿಲಲ್ಲಿ 173 ಜನ ಉಸಿರುಗಟ್ಟಿ ಸತ್ತರು, ಅವರಲ್ಲಿ 62 ಮಕ್ಕಳು. ಆ ಹೊತ್ತು ಅಲ್ಲಿ ಬಾಂಬ್ ಬೀಳಲಿಲ್ಲ. ಮಳೆಗೆ ಮೆಟ್ಟಿಲು ಒದ್ದೆ, ಬೆಳಕು ಮಂದ, ನಡುವೆ ಹಿಡಿಕಂಬಿ ಇಲ್ಲ. ಸೈರನ್ ಕೇಳಿ ಇಳಿಯುತ್ತಿದ್ದ ಜನ ಹತ್ತಿರದಲ್ಲೇ ಹಾರಿಸಿದ ವಿಮಾನ ನಿರೋಧಕ ರಾಕೆಟ್ಟುಗಳ ಹೊಸ ಸದ್ದಿಗೆ ಬೆದರಿ ನುಗ್ಗಿದರು. ಕೆಳಗೆ ಒಬ್ಬರು ಎಡವಿದರು. ಹಿಂದಿನವರಿಗೆ ಅದು ಕಾಣಲಿಲ್ಲ. 1941ರ ಜೂನ್ 5ರಂದು ಚೀನಾದ ಚೋಂಗ್‌ಕಿಂಗ್‌ನಲ್ಲಿ ಜಪಾನಿನ ದಾಳಿಗೆ ಅಂಜಿ ಸುರಂಗ ಹೊಕ್ಕ ನೂರಾರು ಜನ ಗಾಳಿಯಿಲ್ಲದೆ, ಬಾಗಿಲಲ್ಲಿ ತುಳಿತಕ್ಕೆ ಸಿಕ್ಕಿ ಸತ್ತರು.

ನಮ್ಮ ಊರುಗಳಲ್ಲಿ ಆಶ್ರಯ ಎಂದೊಡನೆ ಕಾಂಪ್ಲೆಕ್ಸುಗಳ ಬೇಸ್‌ಮೆಂಟ್ ತೋರಿಸುವವರಿದ್ದಾರೆ. ಒಂದೇ ಇಳಿಜಾರು, ಒಂದು ಕಿರಿದಾದ ಮೆಟ್ಟಿಲು, ಮೂಲೆಯಲ್ಲಿ ಡೀಸೆಲ್ ಜನರೇಟರ್, ಮಳೆ ಬಂದರೆ ಮೊಣಕಾಲುದ್ದ ನೀರು. ಒಂದು ಬೇಸ್‌ಮೆಂಟನ್ನು ಆಶ್ರಯ ಎಂದು ಬರೆಯುವ ಮುಂಚೆ ನೋಡಬೇಕಾದ್ದಿಷ್ಟು: ಒಂದಕ್ಕೊಂದು ದೂರವಿರುವ ಎರಡು ದಾರಿ, ಮೆಟ್ಟಿಲ ನಡುವೆ ಕಂಬಿ, ಅಂಚಿಗೆ ಬಿಳಿ ಪಟ್ಟಿ, ಬ್ಯಾಟರಿ ದೀಪ, ಮೇಲೆ ನಿಂತು ಜನರನ್ನು ತಡೆದು ಬಿಡುವ ಇಬ್ಬರು. ಜನರೇಟರ್ ಹೊರಗೆ ಹೋಗಲೇಬೇಕು.

ಜನರೇಟರಿನ, ಇದ್ದಿಲ ಒಲೆಯ ವಿಷಾನಿಲಕ್ಕೆ ವಾಸನೆ ಇಲ್ಲ. ತಲೆನೋವು, ವಾಕರಿಕೆ ಬಂದು ನಿದ್ದೆಯಂತೆ ಆವರಿಸುತ್ತದೆ. ಬಾಗಿಲು ಸ್ವಲ್ಪ ತೆರೆದಿಟ್ಟರೆ ಸಾಲದು. ಯಂತ್ರ ಕಿಟಕಿ ಬಾಗಿಲುಗಳಿಂದ 20 ಅಡಿ ದೂರ ಹೊರಗಿರಬೇಕು. ಚಿಕ್ಕಮಗಳೂರಿನ ಚಳಿಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟು ಕೋಣೆ ಮುಚ್ಚಿ ಮಲಗುವುದೂ ಅಷ್ಟೇ ಅಪಾಯ. ಸೈರನ್ ಕೇಳಿದಾಗ ಗ್ಯಾಸ್ ರೆಗ್ಯುಲೇಟರ್ ಆರಿಸಿ. ಸ್ಫೋಟದ ನಂತರ ಗ್ಯಾಸ್ ವಾಸನೆ ಇದ್ದರೆ ಬೆಂಕಿಕಡ್ಡಿಯಷ್ಟೇ ಅಲ್ಲ, ಲೈಟಿನ ಸ್ವಿಚ್ಚನ್ನೂ ಮುಟ್ಟಬೇಡಿ.

ಸಂಪಿನಲ್ಲಿ ನೀರಿದೆ, ಎತ್ತುವುದು ಹೇಗೆ?

ಬಾಂಬಿನ ಮೊದಲ ವಾರ ದಾಟಿದ ಊರನ್ನು ಬಳಲಿಸುವುದು ನೀರು ಮತ್ತು ಕರೆಂಟು. ಇವೆರಡೂ ಒಂದೇ. ಹಾಸನಕ್ಕೆ ಹೇಮಾವತಿಯಿಂದ, ಚಿಕ್ಕಮಗಳೂರಿಗೆ ಯಗಚಿಯಿಂದ ನೀರನ್ನು ಪಂಪು ಮಾಡಿಯೇ ತರಬೇಕು. 2022ರ ಅಕ್ಟೋಬರ್ 10ರಿಂದ ರಷ್ಯಾ ಉಕ್ರೇನಿನ ವಿದ್ಯುತ್ ಜಾಲವನ್ನೇ ಗುರಿ ಮಾಡಿದಾಗ ನಲ್ಲಿಗಳೂ ಒಣಗಿದವು. ದೊಡ್ಡ ಸಬ್‌ಸ್ಟೇಷನ್ನಿನ ಟ್ರಾನ್ಸ್‌ಫಾರ್ಮರ್ ನೂರು ಟನ್ನಿಗೂ ಹೆಚ್ಚು ತೂಗುತ್ತದೆ, ಹೊಸದನ್ನು ಮಾಡಿಸಲು ವರ್ಷವೇ ಬೇಕು. ತಂತಿ ಕಡಿದರೆ ಲೈನ್‌ಮನ್ ಎರಡು ದಿನದಲ್ಲಿ ಜೋಡಿಸುತ್ತಾರೆ, ಟ್ರಾನ್ಸ್‌ಫಾರ್ಮರ್ ಹೋದರೆ ಹಾಗಲ್ಲ. 2022ರ ಏಪ್ರಿಲಿನಲ್ಲಿ ಮಿಕೊಲಾಯಿವ್ ನಗರಕ್ಕೆ ನದಿಯಿಂದ ಬರುತ್ತಿದ್ದ ಮುಖ್ಯ ಪೈಪು ಹಾಳಾಗಿ ಸುಮಾರು ಒಂದು ತಿಂಗಳು ನೀರೇ ಇರಲಿಲ್ಲ. ಆಮೇಲೆ ವರ್ಷಗಟ್ಟಲೆ ನಲ್ಲಿಯಲ್ಲಿ ಉಪ್ಪುನೀರು ಬಂತು, ಅದು ಪೈಪುಗಳನ್ನೂ ತಿಂದುಹಾಕಿತು.

ಲೆಕ್ಕ ಹಾಕಿ. ಕುಡಿಯಲು, ಅಡುಗೆಗೆ ಕನಿಷ್ಠ ತಲೆಗೆ 3 ಲೀಟರ್. ತೊಳೆಯುವುದು ಬಳಿಯುವುದೆಲ್ಲ ಸೇರಿ 15 ಲೀಟರ್ ಎಂಬುದು ನಿರಾಶ್ರಿತರ ಶಿಬಿರಗಳಲ್ಲಿ ಪಾಲಿಸುವ ಕನಿಷ್ಠ ಮಟ್ಟ. ಐದು ಜನರ ಮನೆಗೆ ದಿನಕ್ಕೆ 75 ಲೀಟರ್. 5,000 ಲೀಟರಿನ ಸಂಪು ಅರ್ಧ ತುಂಬಿದ್ದರೂ ಬಿಗಿಯಾಗಿ ಬಳಸಿದರೆ ಒಂದು ತಿಂಗಳು ಬರುತ್ತದೆ. ಈ ವಿಷಯದಲ್ಲಿ ನಮ್ಮ ಮನೆಗಳು ಕೀವ್‌ನ ಬಹುಮಹಡಿ ಫ್ಲಾಟುಗಳಿಗಿಂತ ಮೇಲು. ಆದರೆ ಮೋಟರ್ ನಿಂತ ಮೇಲೆ ಸಂಪಿನಿಂದ ನೀರು ಎತ್ತಲು ಬಕೆಟ್, ಹಗ್ಗ ಬೇಕು, ಮುಚ್ಚಳ ಬಕೆಟ್ ಹಿಡಿಸುವಷ್ಟು ಅಗಲ ಇರಬೇಕು. ಎಷ್ಟೋ ಮನೆಯಲ್ಲಿ ಮುಚ್ಚಳದ ಮೇಲೆ ಕಾರು ನಿಂತಿರುತ್ತದೆ.

ನೆಲ ಅದುರಿದರೆ ಯುಜಿಡಿ (ಒಳಚರಂಡಿ) ಪೈಪು ಬಿರುಕು ಬಿಟ್ಟು ಸಂಪಿನ ನೀರು ಕೆಡಬಹುದು. ತಿಳಿನೀರಿಗೆ 1,000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ನೇರವಾಗಿ ಸುರಿಯಬಾರದು. ಮೊದಲು ಸ್ವಲ್ಪ ನೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಬಕೆಟ್ಟಿನಲ್ಲಿ ಕದಡಿ, ಹತ್ತು ನಿಮಿಷ ಬಿಟ್ಟು, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಸಂಪಿಗೆ ಬೆರೆಸಿ ಒಂದು ಗಂಟೆ ಕಾಯಬೇಕು. ರಾಡಿ ನೀರಿಗೆ ಹಾಕಿದರೆ ಕ್ಲೋರಿನ್ ಕೊಳೆಗೇ ಖರ್ಚಾಗುತ್ತದೆ, ಮೊದಲು ಬಟ್ಟೆಯಲ್ಲಿ ಸೋಸಿ. ನಮ್ಮ ಮಳೆಗಾಲದ ತೇವಕ್ಕೆ ತೆರೆದಿಟ್ಟ ಪೌಡರ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಮೂಗಿಗೆ ಘಾಟು ಬಡಿಯದಿದ್ದರೆ ಅದು ಬರೀ ಸುಣ್ಣ. ಹಳೆಯ ಬಡಾವಣೆಗಳಲ್ಲಿ ಚಪ್ಪಡಿ ಮುಚ್ಚಿಬಿಟ್ಟ ಸೇದುವ ಬಾವಿಗಳನ್ನು ಈಗಲೇ ತೆರೆದು ಹೂಳೆತ್ತಿಸಿದರೆ ಇಡೀ ಬೀದಿಗೆ ಆಧಾರ. ಕರೆಂಟ್ ಇಲ್ಲದಿದ್ದಾಗ ಬೋರ್‌ವೆಲ್ಲಿಗಿಂತ ಅದೇ ಮೇಲು. ಆದರೆ ನೀರಿಗಾಗಿ ಉದ್ದ ಸಾಲು ನಿಲ್ಲಿಸಬೇಡಿ. 1992ರಿಂದ 1996ರವರೆಗೆ ಮುತ್ತಿಗೆಗೆ ಸಿಕ್ಕಿದ್ದ ಸರಾಯೆವೊದಲ್ಲಿ ಬ್ರೆಡ್ಡಿಗೆ, ನೀರಿಗೆ ನಿಂತ ಸಾಲುಗಳ ಮೇಲೆಯೇ ಶೆಲ್ ಬಿದ್ದವು. ಬೀದಿಗೊಂದು ಹೊತ್ತು ಗೊತ್ತು ಮಾಡಿ ಹತ್ತು ಹತ್ತು ಜನರನ್ನು ಕರೆಯಬೇಕು.

ಮನೆಯ ಯುಪಿಎಸ್‌ಗೂ ಮಿತಿ ಇದೆ. 150 ಆ್ಯಂಪಿಯರ್ ಅವರ್ ಬ್ಯಾಟರಿ ನಾಲ್ಕು ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರಿಗಷ್ಟೇ ಆದರೆ ಇಪ್ಪತ್ತು ಗಂಟೆ ಬರುತ್ತದೆ. ಎರಡು ಫ್ಯಾನ್ ಸೇರಿಸಿದರೆ ಆರೇಳು ಗಂಟೆ. ಪೂರ್ತಿ ತುಂಬಲು ಹತ್ತು ಗಂಟೆಗೂ ಹೆಚ್ಚು ಕರೆಂಟ್ ಬೇಕು. ಕೀವ್‌ನಲ್ಲಿ ಸರದಿಯ ಮೇಲೆ ಕೆಲವೇ ಗಂಟೆ ಕರೆಂಟ್ ಬರತೊಡಗಿದಾಗ ಬ್ಯಾಟರಿಗಳು ತುಂಬಲೇ ಇಲ್ಲ. ಲಿಫ್ಟಿನಲ್ಲಿ ಸಿಕ್ಕಿಬೀಳುವವರಿಗಾಗಿ ಅಲ್ಲಿಯ ಜನ ಒಳಗೆ ನೀರು, ಬಿಸ್ಕತ್ತು, ಕೂರಲು ಸ್ಟೂಲು ಇಟ್ಟರು. ಮೊಬೈಲ್ ಟವರಿನ ಬ್ಯಾಟರಿಯೂ ಕೆಲವು ಗಂಟೆಗಳದ್ದು. ಸೆಲ್ ಹಾಕುವ ಒಂದು ರೇಡಿಯೊ ಮನೆಯಲ್ಲಿರಲಿ, ಆಕಾಶವಾಣಿ ಹಾಸನ ಆಗ ಕೆಲಸಕ್ಕೆ ಬರುತ್ತದೆ.

ಬಾಂಬಿಗಿಂತ ಮೊದಲು ಬರುವವರು

ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡು ಜಿಲ್ಲೆಗಳು ಹೆಚ್ಚು ಯೋಚಿಸಬೇಕಾದ್ದು ಇಲ್ಲಿ. ಬೆಂಗಳೂರಿಗೋ ಮಂಗಳೂರಿಗೋ ಅಪಾಯ ಬಂದರೆ ನೂರೆಂಬತ್ತು ಕಿಲೋಮೀಟರ್ ಆಚೆಯ ಹಾಸನಕ್ಕೆ ಜನ ಹೊರಟು ಬರುತ್ತಾರೆ, ಏಕೆಂದರೆ ಅವರಲ್ಲಿ ಎಷ್ಟೋ ಮಂದಿಗೆ ಇಲ್ಲೇ ನೆಂಟರಿದ್ದಾರೆ. 1942ರ ಏಪ್ರಿಲಿನಲ್ಲಿ ಜಪಾನಿನ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡದ ಮೇಲೆ ಬಾಂಬ್ ಹಾಕಿದಾಗ ಮದ್ರಾಸು ನಗರವೇ ಖಾಲಿಯಾಗಿ ಜನ ಒಳನಾಡಿಗೆ ನಡೆದರು. 2022ರ ಮಾರ್ಚಿನಲ್ಲಿ ಪಶ್ಚಿಮ ಉಕ್ರೇನಿನ ಲಿವಿವ್, ಸುಮಾರು ಏಳು ಲಕ್ಷ ಜನರ ಊರು, ಎರಡು ಲಕ್ಷದಷ್ಟು ಮಂದಿಯನ್ನು ಹೊತ್ತುಕೊಂಡಿತು.

ಕಲ್ಯಾಣ ಮಂಟಪಗಳಿವೆಯಲ್ಲ ಎನ್ನಬಹುದು. ಮಲಗಲು ತಲೆಗೆ ಮೂರೂವರೆ ಚದರ ಮೀಟರ್ ಬೇಕು. 40 ಅಡಿಗೆ 60 ಅಡಿಯ ಹಾಲಿನಲ್ಲಿ ಮದುವೆಗೆ ಐನೂರು ಜನ ಕೂರುತ್ತಾರೆ, ಆದರೆ ವಾಸಕ್ಕೆ 63 ಜನ ಮಾತ್ರ. ಶೌಚಾಲಯ ಮೊದಲ ದಿನಗಳಲ್ಲಿ ಐವತ್ತು ಜನಕ್ಕೊಂದು, ಆಮೇಲೆ ಇಪ್ಪತ್ತಕ್ಕೊಂದು. ಮಂಟಪದ ಶೌಚಾಲಯಗಳು ಅರ್ಧ ದಿನದ ಬಳಕೆಗೆ ಕಟ್ಟಿದವು, ಅವುಗಳ ಗುಂಡಿ ಒಂದೇ ವಾರದಲ್ಲಿ ತುಂಬಿ ಉಕ್ಕುತ್ತದೆ. ಇದಕ್ಕಿಂತ ಚಿಕ್ಕಮಗಳೂರಿನ ನೂರಾರು ಹೋಂಸ್ಟೇಗಳು ಮೇಲು. ಕೋಣೆಗೊಂದು ಬಚ್ಚಲು, ಸ್ವಂತ ನೀರು, ಕುಟುಂಬ ಒಟ್ಟಿಗಿರಬಹುದು. ಜಿಲ್ಲಾಡಳಿತ ಅವುಗಳ ಕೋಣೆ, ಟ್ಯಾಂಕು, ಅಡುಗೆಮನೆಯ ಪಟ್ಟಿ ಮಾಡಿಟ್ಟುಕೊಂಡರೆ ಭೂಕುಸಿತದ ಮಳೆಗಾಲಕ್ಕೂ ಬೇಕಾಗುತ್ತದೆ. ಆದರೆ ಶಿರಾಡಿಯಲ್ಲಿ ಗುಡ್ಡ ಕುಸಿದ ದಿನವೇ ಕರಾವಳಿಯಿಂದ ಜನ ಹೊರಟರೆ ಎಲ್ಲರೂ ಚಾರ್ಮಾಡಿಗೆ ನುಗ್ಗುತ್ತಾರೆ. ಆ ತಿರುವುಗಳಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಮುಗಿಯಿತು. ಕ್ರೇನು ಕೊಟ್ಟಿಗೆಹಾರದಲ್ಲೊಂದು, ಕೆಳಗೊಂದು ಮೊದಲೇ ಇರಬೇಕು.

ಬರುವವರಲ್ಲಿ ರೋಗಿಗಳೂ ಇರುತ್ತಾರೆ. ಬಳಕೆಯಲ್ಲಿರುವ ಇನ್ಸುಲಿನ್ ಫ್ರಿಜ್ ಇಲ್ಲದೆಯೂ ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ಕೆಡುವುದಿಲ್ಲ, ನಮ್ಮ ಹವೆಗೆ ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಮಡಕೆ ಸಾಕು. ಡಯಾಲಿಸಿಸ್ ಹಾಗಲ್ಲ. ಒಂದು ಸಲಕ್ಕೆ ಸುಮಾರು 120 ಲೀಟರ್ ಶುದ್ಧ ನೀರು, ನಾಲ್ಕು ಗಂಟೆ ತಡೆಯಿಲ್ಲದ ಕರೆಂಟ್, ವಾರಕ್ಕೆ ಎರಡು ಮೂರು ಸಲ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯೇ ಇರಲಿ, ತಾಲ್ಲೂಕು ಆಸ್ಪತ್ರೆಯೇ ಇರಲಿ, ನೀರಿನ ಟ್ಯಾಂಕರು ಮೊದಲು ಹೋಗಬೇಕಾದ್ದು ಆ ವಿಭಾಗಕ್ಕೆ. ಯಾವ ಟ್ಯಾಂಕರು, ಯಾವ ಬಾವಿಯಿಂದ, ಯಾರು ಡ್ರೈವರ್, ಡೀಸೆಲ್ ಯಾವ ಬಂಕಿನಲ್ಲಿ ಕಾದಿರಿಸಿದೆ ಎಂಬುದು ಕಾಗದದ ಮೇಲೆ ಬರೆದು ಆಸ್ಪತ್ರೆಯ ಗೋಡೆಗೆ ಅಂಟಿಸಿರಬೇಕು, ಏಕೆಂದರೆ ಆ ಹೊತ್ತಿಗೆ ಫೋನು ಹತ್ತುವುದಿಲ್ಲ.